ಸಾಲು ಹಿಡಿದು ಬೆಳೆದ ಕಸ

ಗುಡ್ಡದ ಮೇಲೆ ಹೊಗೆ ಕಂಡರೆ, ಕುಳಿತ ಕುರ್ಚಿಯಿಂದ ಏಳದೆಯೇ ಅಲ್ಲಿ ಬೆಂಕಿ ಇದೆ ಎಂದು ಸಾಧಿಸಿ ತೋರಿಸುವುದು ನನ್ನ ವೃತ್ತಿ. ಇಪ್ಪತ್ತೆರಡು ವರ್ಷಗಳಿಂದ ಕಾಲೇಜಿನಲ್ಲಿ ತರ್ಕಶಾಸ್ತ್ರ ಕಲಿಸುತ್ತಿದ್ದೇನೆ. ಇಂಥವನಿಗೆ ಮೂರು ಎಕರೆ ಹೊಲದ ಕಸ ಯಾವ ಮಹಾ ದೊಡ್ಡದು ಹೇಳಿ!

ಹೊಲ ನನ್ನದಲ್ಲ, ಮಾವನವರದು. ಹುಬ್ಬಳ್ಳಿಯ ಹತ್ತಿರದ ಸುಳ್ಳ ಎಂಬ ಹಳ್ಳಿಯಲ್ಲಿದೆ. ಅಪ್ಪಟ ಎರಿ ಭೂಮಿ, ಕಪ್ಪು ಮಣ್ಣು. ಮಾವ ತೀರಿಕೊಂಡ ಮೇಲೆ ಅತ್ತೆಯೇ ಹುಬ್ಬಳ್ಳಿಯ ಕಮರಿಪೇಟೆಯಿಂದ ಓಡಾಡಿ ಅದನ್ನು ನೋಡಿಕೊಂಡಿದ್ದರು. ಹೋದ ವರ್ಷ ಅವರ ಮೊಣಕಾಲುಗಳು ಸಾಕೆಂದವು. ಒಂದು ದಿನ ನನ್ನನ್ನೂ ಹೆಂಡತಿ ಗಿರಿಜಾಳನ್ನೂ ಕರೆಸಿ, ಚಹಾ ಕೊಟ್ಟು, ತೀರ್ಪು ಹೇಳಿದರು.

“ಅಳಿಯಂದ್ರ, ಈ ಹಿಂಗಾರಿ ನೀವು ನೋಡ್ರಿ. ಎಳ್ಳಮಾಸಿಗೆ ಚರಗಾ ಚೆಲ್ಲಾಕ ಬರ್ತೇನಿ. ಎಲ್ಲಾ ಛಲೋ ಕಂಡ್ರ ಹೊಲಾ ಮನ್ಯಾಗ ಉಳೀತೈತಿ. ಇಲ್ಲಂದ್ರ ಬ್ಯಾರೇದವರಿಗೆ ಲಾವಣಿ ಹಾಕಿ ಕೈ ತೊಳ್ಕೋತೇನಿ.”

ಚರಗ ಎಂದರೆ ಎಳ್ಳಮಾವಾಸ್ಯೆಯ ದಿನ ಹೊಲಕ್ಕೆ ಎಡೆ ಚೆಲ್ಲುವ ಪೂಜೆ; ಲಾವಣಿ ಎಂದರೆ ಹೊಲವನ್ನು ಗುತ್ತಿಗೆಗೆ ಕೊಡುವುದು. ಧಾರವಾಡಕ್ಕೆ ಮರಳುವಾಗ ಬಸ್ಸಿನಲ್ಲಿ ಗಿರಿಜಾ ಕಿಟಕಿಯ ಕಡೆ ಮುಖ ಮಾಡಿ ಕುಳಿತಿದ್ದಳು. ನವಲೂರು ದಾಟಿದ ಮೇಲೆ ಬಾಯಿಬಿಟ್ಟಳು. “ಏನ್ರಿ, ಅಪ್ಪನ ಹೊಲಾ ಅದು. ಬ್ಯಾರೇದವರ ಕೈಯಾಗ ಹೋತಂದ್ರ ನಾ ಆ ದಾರಿ ಹಿಡಿಯಂಗಿಲ್ಲ ನೋಡ್ರಿ.”

ಅವಳ ಕಣ್ಣುಗಳು ಒದ್ದೆಯಾಗಿದ್ದವು. “ನಾ ಇದ್ದೇನಲ್ಲ!” ಅಂದೆ. ಅವಳು ನನ್ನನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ ಮತ್ತೆ ಕಿಟಕಿಯ ಕಡೆ ತಿರುಗಿದಳು.

ಬಿತ್ತನೆಯ ದಿನ ನನಗೆ ಪರೀಕ್ಷೆಯ ಮೇಲ್ವಿಚಾರಣೆ ಇತ್ತು. ಈ ಸಂಗತಿಯನ್ನು ಓದುಗರು ದಯವಿಟ್ಟು ಗುರುತು ಹಾಕಿಕೊಳ್ಳಬೇಕು. ಮುಂದೆ ನನ್ನ ಪರವಾಗಿ ಹೇಳಿಕೊಳ್ಳಲು ಇದೊಂದೇ ಉಳಿಯುತ್ತದೆ. ಗಿರಿಜಾ ಒಬ್ಬಳೇ ಹೋಗಿ, ದಿನವಿಡೀ ಕೂರಿಗೆಯ ಹಿಂದೆ ನಡೆದು, ಕಾಲಿಗೆಲ್ಲ ಎರಿಮಣ್ಣು ಮೆತ್ತಿಕೊಂಡು ಬಂದಳು. ಮುಖ ಮಾತ್ರ ಹಬ್ಬದಂತಿತ್ತು. “ಎಳ್ಳಮಾಸಿಗೆ ನಮ್ಮ ಹೊಲದ್ದ ಕುಸುಬಿ ಪಲ್ಯಾ, ನಮ್ಮ ಹೊಲದ್ದ ಕಡಲಿ!” ಅಂದಳು. ನಾನು ಪೇಪರ್ ಓದುತ್ತ “ಆಗಲಿ, ಆಗಲಿ” ಅಂದೆ. ಹೊಲದಲ್ಲಿ ಬಿತ್ತಿದ್ದು ಜೋಳ ಎಂಬುದಷ್ಟೇ ನನಗೆ ಗೊತ್ತಿದ್ದದ್ದು. ಕುಸುಬಿ, ಕಡಲೆಗಳು ಎಲ್ಲಿಂದ ಬರುತ್ತವೆ ಎಂದು ಕೇಳುವ ಬುದ್ಧಿ ಬರಲಿಲ್ಲ.

ತಿಂಗಳು ಕಳೆದ ಮೇಲೆ ಸ್ಕೂಟರ್ ಹತ್ತಿ ಹೊಲಕ್ಕೆ ಹೋದೆ. ಜೋಳ ಮೊಣಕಾಲುದ್ದ ಬಂದಿತ್ತು. ಅದರ ನಡುವೆ ಹತ್ತಾರು ಜಾತಿಯ ಗಿಡಗಳು ಮಾವನ ಮನೆಗೆ ಬಂದವರಂತೆ ಆರಾಮಾಗಿ ಕಾಲು ಚಾಚಿಕೊಂಡಿದ್ದವು. ನನಗೆ ಸಿಟ್ಟು ಬಂತು. ಪಕ್ಕದ ಹೊಲದ ಫಕೀರಪ್ಪ ಕಾಕಾ ಬದುವಿನ ಮೇಲೆ ನಿಂತು ಸಲಹೆ ಕೊಟ್ಟ.

“ಎಡಿಕುಂಟಿ ಹೊಡಸಿ ಸಾಲಿನ ನಡುವಿನ ಕಸಾ ತಗೀರಿ ಮಾಸ್ತರ. ಸಾಲಿನ್ಯಾಗಿಂದು ಹೆಣ್ಮಕ್ಕಳ ಕೈಲೆ ತಗಸ್ರಿ. ಯಾವುದು ಇರಬೇಕು, ಯಾವುದು ಹೋಗಬೇಕು ಅವರಿಗೆ ಗೊತ್ತಿರತೈತಿ.”

“ಕಾಕಾ, ಕಾಲ ಎಲ್ಲಿಗೆ ಹೋಗೇತಿ! ಈಗ ಅದೆಲ್ಲಾ ಔಷಧಕ್ಕ ಗೊತ್ತಿರತೈತಿ.”

“ಹಂಗೂ ಆಗೇತೇನ್ರಿ?” ಎಂದು ಕಾಕಾ ಬೀಡಿ ಹಚ್ಚಿದ.

ಅಲ್ಲಿಂದ ನೇರವಾಗಿ ಹುಬ್ಬಳ್ಳಿಯ ಗೊಬ್ಬರದ ಅಂಗಡಿಗೆ ಹೋದೆ. ಕಸಕ್ಕೆ ಔಷಧ ಬೇಕೆಂದು ಹೇಳಿದೆ. ಅಂಗಡಿಯವರು ಪಾಪ, ಒಳ್ಳೆಯ ಮನುಷ್ಯರು. ಬಾಟಲಿಗೆ ಕೈ ಹಾಕುವ ಮೊದಲೇ ಪ್ರಶ್ನೆ ಕೇಳಿದರು.

“ಬೆಳಿ ಯಾವುದ್ರಿ?”

“ಜ್ವಾಳ.”

“ಜ್ವಾಳ ಆದ್ರ ಚಿಂತಿಲ್ರಿ. ಈ ಔಷಧ ಹುಲ್ಲಿನ ಜಾತಿಗೆ ಏನೂ ಮಾಡಂಗಿಲ್ಲ. ಅಗಲ ಎಲಿ ಗಿಡಾ ಅಷ್ಟ ಆರಿಸಿ ಕೊಲ್ಲತೈತಿ.”

“ಜ್ವಾಳ ಹುಲ್ಲೇನ್ರಿ?” ಗಾಬರಿಯಾಯಿತು. ನಲವತ್ತೇಳು ವರ್ಷಗಳಿಂದ ನಾನು ತಿಂದದ್ದು ಹುಲ್ಲಿನ ರೊಟ್ಟಿಯೇ!

“ಜಾತೀಲೆ ಹುಲ್ಲ ಅಲ್ಲೇನ್ರಿ ಮತ್ತ.”

“ಮತ್ತ ಯಾವುದು ಹುಲ್ಲು, ಯಾವುದು ಅಲ್ಲ ಅಂತ ಔಷಧಕ್ಕ ಹ್ಯಾಂಗ ಗೊತ್ತಾಗತೈತಿ?”

“ಅದು ನನಗೂ ಗೊತ್ತಿಲ್ರಿ. ಅದಕ್ಕ ಗೊತ್ತೈತಿ.” ಆಮೇಲೆ ಬಾಟಲಿ ಕೈಯಲ್ಲೇ ಹಿಡಿದು ಕೊನೆಯ ಪ್ರಶ್ನೆ ಕೇಳಿದರು. “ಹೊಲದಾಗ ಅಕ್ಕಡಿ ಏನರ ಐತೇನ್ರಿ?”

ಅಕ್ಕಡಿ! ಜನ್ಮದಲ್ಲಿ ಕೇಳದ ಶಬ್ದ. ಹುಳವೋ, ರೋಗವೋ, ಯಾವುದೋ ಕೆಟ್ಟ ಚಟವೋ ಒಂದೂ ತಿಳಿಯಲಿಲ್ಲ. ಆದರೆ ಇಪ್ಪತ್ತೆರಡು ವರ್ಷ ಪಾಠ ಹೇಳಿದವನು ನಾಲ್ಕು ಜನ ಗಿರಾಕಿಗಳ ಎದುರಿಗೆ ‘ಹಾಗೆಂದರೇನು’ ಎಂದು ಕೇಳುವುದುಂಟೇ?

“ಛೇ ಛೇ! ಅಂಥಾದ್ದೆಲ್ಲಾ ನಾವು ಇಟ್ಕೊಳ್ಳೂದಿಲ್ರಿ!”

“ಹಂಗಾರ ಧೈರ್ಯಲೆ ಹೊಡೀರಿ,” ಎಂದು ಅವರು ಬಾಟಲಿಯನ್ನು ಚೀಲಕ್ಕೆ ಹಾಕಿದರು.

ರವಿವಾರ ಗಿರಿಜಾಳಿಗೆ ಗ್ರಂಥಾಲಯಕ್ಕೆ ಹೋಗುತ್ತೇನೆಂದು ಹೇಳಿ, ದಾರಿಯಲ್ಲಿ ಹೊಸ ಪಂಪು ಕೊಂಡು ಬೆನ್ನಿಗೇರಿಸಿಕೊಂಡು ಸುಳ್ಳಕ್ಕೆ ಹೊರಟೆ. ಅವಳಿಗೆ ಅಚ್ಚರಿ ಮೂಡಿಸಬೇಕೆಂಬ ಆಸೆ. ಔಷಧದ ಚೀಟಿಯಲ್ಲಿ ಮೈ ಮುಚ್ಚಿಕೊಳ್ಳಬೇಕೆಂದು ಬರೆದಿತ್ತು. ರೇನ್‌ಕೋಟು, ಹೆಲ್ಮೆಟ್ಟು, ಕೈಗೆ ರಬ್ಬರಿನ ಗ್ಲೌಸು, ಮೂಗಿಗೆ ಮಾಸ್ಕು. ಈ ವೇಷದಲ್ಲಿ ನಾನು ಹೊಲಕ್ಕಿಳಿದಾಗ ಫಕೀರಪ್ಪ ಕಾಕಾನ ನಾಯಿ ಬೊಗಳುವುದನ್ನು ಬಿಟ್ಟು ಓಡಿಯೇ ಹೋಯಿತು! ಬಿಸಿಲಲ್ಲಿ ಒಳಗೊಳಗೇ ಬೆಂದು ಬದನೆಕಾಯಾದರೂ ಬಿಡದೆ ಹೊಡೆದೆ. ಬದುವಿನ ಕಡೆ ಒಂದಿಷ್ಟು ಜಾಗ ಉಳಿದಾಗ ಔಷಧ ಮುಗಿಯಿತು. ಇರಲಿ ಎಂದು ಬಿಟ್ಟೆ.

ವಾರದ ನಂತರ ಹೋಗಿ ನೋಡಿದರೆ ಪವಾಡ! ಜೋಳ ನಿಂತಲ್ಲೇ ನಗುತ್ತಿತ್ತು. ಕಸವೆಲ್ಲ ಸೊಂಟ ತಿರುಚಿಕೊಂಡು ಮಲಗಿತ್ತು. ಅದಕ್ಕಿಂತ ಅಚ್ಚರಿಯ ಸಂಗತಿ ಇನ್ನೊಂದಿತ್ತು. ಜೋಳದ ಏಳೆಂಟು ಸಾಲಿಗೊಮ್ಮೆ ಒಂದು ಇಡೀ ಸಾಲು ಕಸ, ನೂಲು ಹಿಡಿದಂತೆ ನೆಟ್ಟಗೆ, ಬದುವಿನಿಂದ ಬದುವಿನವರೆಗೆ ಬೆಳೆದು ಬಾಡಿತ್ತು. ಕಸಕ್ಕೂ ಎಂಥ ಶಿಸ್ತು! ನನ್ನ ವಿದ್ಯಾರ್ಥಿಗಳು ಪ್ರಾರ್ಥನೆಗೂ ಹಾಗೆ ನಿಲ್ಲುವುದಿಲ್ಲ. ಮೊಬೈಲಿನಲ್ಲಿ ಹತ್ತು ಫೋಟೋ ತೆಗೆದುಕೊಂಡೆ.

ಮನೆಗೆ ಬಂದಾಗ ಗಿರಿಜಾ ರೊಟ್ಟಿ ಬಡಿಯುತ್ತಿದ್ದಳು. ಮೊಬೈಲನ್ನು ಅವಳ ಮುಖದ ಮುಂದೆ ಹಿಡಿದು, “ನೋಡು, ನಿನ್ನ ಅಪ್ಪನ ಹೊಲಾ ಹ್ಯಾಂಗ ಸ್ವಚ್ಛ ಮಾಡೇನಿ!” ಅಂದೆ.

ಬಡಿಯುತ್ತಿದ್ದ ಕೈ ನಿಂತಿತು.

“ಇದು ಕುಸುಬಿ ರೀ!”

“ಯಾವುದು?”

“ಇದು ಕಡಲಿ! ಅಯ್ಯೋ ಶಿವನ, ನಾ ಬಿತ್ತಿದ ಅಕ್ಕಡಿ ಎಲ್ಲಾ ಸುಟ್ಟೀರಲ್ಲರೀ!”

“ಅಕ್ಕಡಿ ಅಂದ್ರ... ಇದ ಏನು?”

ಜೋಳದ ನಡುವೆ ಅಷ್ಟಷ್ಟು ದೂರಕ್ಕೆ ಕುಸುಬಿ, ಕಡಲೆಯ ಸಾಲು ಬಿತ್ತುವುದೇ ಅಕ್ಕಡಿ ಎಂದೂ, ಜೋಳ ಗಂಡಸರದಾದರೆ ಅಕ್ಕಡಿ ಮನೆಯ ಹೆಣ್ಣುಮಕ್ಕಳದೆಂದೂ, ಅವಳ ಅಜ್ಜಿಯಿಂದ ಈಚೆಗೆ ಒಂದು ವರ್ಷವೂ ಆ ಸಾಲು ತಪ್ಪಿಲ್ಲವೆಂದೂ ಅಂದು ನನಗೆ ತಿಳಿಯಿತು. ಇಷ್ಟನ್ನೂ ಅವಳು ರೊಟ್ಟಿ ಮಗುಚುವ ಸಟ್ಟುಗ ಹಿಡಿದುಕೊಂಡೇ ಹೇಳಿದಳು.

“ಕಸಾ ಎಲ್ಲ್ಯರ ಸಾಲು ಹಿಡದು ಬೆಳೀತೈತೇನ್ರಿ? ತರ್ಕದ ಮಾಸ್ತರಗ ಅಷ್ಟೂ ವಿಚಾರ ಬರಲಿಲ್ಲೇನು?” ಆಮೇಲೆ ಇನ್ನೊಂದು ಫೋಟೋ ನೋಡಿ ಹಣೆ ಹಣೆ ಬಡಿದುಕೊಂಡಳು. “ಹಕ್ಕರಿಕಿ ಸೊಪ್ಪೂ ಹೋತು! ಅವ್ವಗ ರೊಟ್ಟಿ ಜೋಡಿ ಹಕ್ಕರಿಕಿ ಇಲ್ಲಂದ್ರ ಉಂಡಂಗ ಆಗಂಗಿಲ್ಲ.”

“ಅದನ್ನೂ ನೀನ ಬಿತ್ತಿದ್ದೇನು?”

“ಇಲ್ಲ, ಅದು ತಾನ ಬರತೈತಿ.”

“ಯಾರೂ ಬಿತ್ತದ ತಾನ ಬಂದದ್ದು ಅಂದ್ರ ಕಸಾನ ಆತಲ್ಲ?”

“ಅವ್ವನ ಮುಂದ ಹೇಳಿ ನೋಡ್ರಿ ಈ ಮಾತು!”

ನನ್ನ ತಲೆ ಪೂರ್ತಿ ಕೆಟ್ಟಿತು. ಸಾಲಾಗಿ ಬೆಳೆದದ್ದೂ ಕಸವಲ್ಲ, ಸಾಲು ಬಿಟ್ಟು ಬೆಳೆದದ್ದೂ ಕಸವಲ್ಲ. ಹುಲ್ಲೇ ಬೆಳೆ. ಹಾಗಾದರೆ ಕಸ ಯಾವುದು? ಇದನ್ನು ಕೇಳುವಷ್ಟರಲ್ಲಿ ಹಂಚಿನ ಮೇಲಿನ ರೊಟ್ಟಿ ಸೀದು ಅಡುಗೆಮನೆಯೆಲ್ಲ ಹೊಗೆ. ಬೆಂಕಿ ಎಲ್ಲಿದೆ ಎಂದು ಸಾಧಿಸುವ ಅಗತ್ಯ ಬೀಳಲಿಲ್ಲ. ಎದುರಿಗೇ ನಿಂತಿತ್ತು!

ಆಗ ನೆನಪಾಯಿತು: ಬದುವಿನ ಕಡೆ ಔಷಧ ಸಾಲದೆ ಬಿಟ್ಟ ಜಾಗದಲ್ಲಿ ಎರಡು ಅಕ್ಕಡಿ ಸಾಲು ಉಳಿದಿವೆ. ಮರುದಿನ ಬೆಳಿಗ್ಗೆಯೇ ಸುಳ್ಳಕ್ಕೆ ಧಾವಿಸಿದೆ. ಬಾಡಿದ ಗಿಡಗಳ ಮೈಮೇಲಿನ ಔಷಧವನ್ನು ತೊಳೆದರೆ ಅವು ಎದ್ದು ಕೂಡಬಹುದೆಂಬುದು ನನ್ನ ಸಿದ್ಧಾಂತ. ಪಂಪಿಗೆ ನೀರು ತುಂಬಿ ಒಂದೊಂದು ಗಿಡಕ್ಕೂ ಜಳಕ ಮಾಡಿಸಿದೆ. ಉಳಿದ ಎರಡು ಸಾಲುಗಳ ಮೇಲೆ ವಿಶೇಷ ಪ್ರೀತಿ ಉಕ್ಕಿ, ಅವುಗಳಿಗೂ ಬುಡದಿಂದ ತುದಿಯವರೆಗೆ ಚೆನ್ನಾಗಿ ಹೊಡೆದೆ.

ಫಕೀರಪ್ಪ ಕಾಕಾ ಬದುವಿನ ಮೇಲಿಂದ ಬಹಳ ಹೊತ್ತು ನೋಡಿದ. “ಮಾಸ್ತರ, ಔಷಧ ಹೊಡದಿದ್ದ ಪಂಪ್ ಅಲ್ಲೇನ್ರಿ ಅದು? ತೊಳದಿದ್ರೇನು?”

“ಒಳಗ ತುಂಬಿದ್ದು ನೀರ ಅಲ್ಲೇನು ಕಾಕಾ! ತಾನ ತೊಳದಂಗ ಆತು.”

ಕಾಕಾ ಬೀಡಿ ಒಗೆದು ಎರಡೂ ಕೈ ಜೋಡಿಸಿದ. ನನಗೋ, ಆ ಎರಡು ಸಾಲುಗಳಿಗೋ ಗೊತ್ತಾಗಲಿಲ್ಲ. ಕೆಲವೇ ದಿನಗಳಲ್ಲಿ ಅವೂ ಸೊಂಟ ತಿರುಚಿಕೊಂಡು ಮಲಗಿದವು.

ಎಳ್ಳಮಾವಾಸ್ಯೆ ಬಂದೇ ಬಂತು. ರೊಟ್ಟಿ, ಎಣ್ಣಿಗಾಯಿ, ಶೇಂಗಾ ಹೋಳಿಗೆಯ ಗಂಟು ಕಟ್ಟಿಕೊಂಡು, ಅತ್ತೆಯನ್ನೂ ಕರೆದುಕೊಂಡು ಟಂಟಂ ರಿಕ್ಷಾದಲ್ಲಿ ಹೊರಟೆವು. ದಾರಿಯುದ್ದಕ್ಕೂ ಗಿರಿಜಾ ಗಂಟನ್ನು ತೊಡೆಯ ಮೇಲೆ ಬಿಗಿಹಿಡಿದು ಕುಳಿತಿದ್ದಳು. ನನಗೆ ಅವಳ ಮುಖ ನೋಡುವ ಧೈರ್ಯವಿರಲಿಲ್ಲ. ತಪ್ಪು ನನ್ನದು, ಹೊಲ ಹೋಗುವುದು ಅವಳದು. ಇದಕ್ಕಿಂತ ನಾಚಿಕೆಗೇಡು ಇನ್ನೇನಿದೆ?

ಅತ್ತೆ ಹೊಲದೊಳಗೆ ನಿಧಾನವಾಗಿ ನಡೆದರು. ತೆನೆ ಬಿಟ್ಟ ಜೋಳವನ್ನು ಸವರಿ, “ಜ್ವಾಳಾ ಭಾಳ ಛಲೋ ಬಂದೈತಿ,” ಅಂದರು. ನನ್ನ ಎದೆ ಅರ್ಧ ಇಂಚು ಉಬ್ಬಿತು.

“ಅಕ್ಕಡಿ ಎಲ್ಲೈತಿ?”

ಎದೆ ಸ್ವಸ್ಥಾನಕ್ಕೆ ಮರಳಿತು. ನಾನು ಬಾಯಿ ತೆರೆಯುವ ಮೊದಲೇ ಗಿರಿಜಾ ಮುಂದೆ ಬಂದಳು. “ಅವ್ವಾ, ಈ ಸಲಾ ನಾನ ಬಿತ್ತಲಿಲ್ಲ. ಕಾಳು ತರೂದು ಮರತೆ. ತಪ್ಪು ನಂದ.”

ಕೂರಿಗೆಯ ಹಿಂದೆ ದಿನವಿಡೀ ನಡೆದ ಹೆಣ್ಣು ಹೇಳಿದ ಮಾತಿದು! ಅಷ್ಟರಲ್ಲಿ ತೋಳ ತುಂಬ ಹಸಿಕಡಲೆ, ಹಕ್ಕರಿಕೆ ತಬ್ಬಿಕೊಂಡು ಫಕೀರಪ್ಪ ಕಾಕಾ ಬದು ದಾಟಿ ಬಂದ.

“ತಗೋ ಗಿರಿಜವ್ವಾ. ಮಾಸ್ತರ ಎರಡೆರಡ ಸಲ ಔಷಧ ಹೊಡದು ನಿಂದೆಲ್ಲಾ ಹೋತಲ್ಲ, ಅದಕ್ಕ ನಮ್ಮ ಹೊಲದ್ದು ತಂದೆ!”

ಇಂಥ ಉಪಕಾರಿ ನೆರೆಯವರು ಶತ್ರುವಿಗೂ ಬೇಡ! ಅತ್ತೆ ನನ್ನತ್ತ ತಿರುಗಿದರು. ಇನ್ನು ಮುಚ್ಚಿಡಲು ಏನೂ ಉಳಿದಿರಲಿಲ್ಲ.

“ಅತ್ತಿ, ಗಿರಿಜಾಂದು ಏನೂ ತಪ್ಪಿಲ್ರಿ. ಅಕ್ಕಡಿ ಅಂದ್ರ ಏನಂತ ನನಗ ಗೊತ್ತಿರಲಿಲ್ಲ. ಅಂಗಡಿಯಾಗ ಕೇಳಿದ್ರು, ಗೊತ್ತಿದ್ದವರಂಗ ಮಾತಾಡಿದೆ. ಬಿತ್ತೂ ದಿನಾ ನನಗ ಪರೀಕ್ಷಾ ಡ್ಯೂಟಿ ಇತ್ರಿ...”

ಆ ಡ್ಯೂಟಿಯ ಮಾತನ್ನು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅತ್ತೆ ಮಗಳನ್ನು ಕೇಳಿದರು: “ನೀ ಯಾಕ ಸುಳ್ಳು ಹೇಳಿದಿ?”

“ಹೊಲಾ ಲಾವಣಿ ಹಾಕ್ತಿ ಅಂತ,” ಎಂದ ಗಿರಿಜಾ ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಹುಚ್ಚಿ! ಹೊಲಾ ಮನ್ಯಾಗ ಉಳೀತೈತಿ ಅಂದಿದ್ದೆ. ಅಳಿಯಂದ್ರ ಕೈಯಾಗ ಉಳೀತೈತಿ ಅಂತ ಯಾವಾಗ ಅಂದೆ? ಇನ್ನ ಮುಂದ ನೀ ನೋಡು.”

ಗಿರಿಜಾ ಅಳುವುದನ್ನೂ ನಗುವುದನ್ನೂ ಒಟ್ಟಿಗೇ ಮಾಡಿದಳು. ನನಗೂ ಹೋದ ಜೀವ ಬಂದಂತಾಯಿತು. ಆ ಸಂತೋಷದಲ್ಲಿ, “ಹಂಗಾರ ನಾ ಏನ್ ಮಾಡ್ಲಿ ಅತ್ತಿ?” ಎಂದು ಕೇಳಿಬಿಟ್ಟೆ.

ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ನೀವು ಚಹಾ ತರ್ರಿ,” ಅಂದರು.

ಈ ಮುಂಗಾರಿನಿಂದ ಹೊಲ ಗಿರಿಜಾಳದು. ಅವಳೂ ನಾಲ್ಕು ಹೆಣ್ಣುಮಕ್ಕಳೂ ಸಾಲು ಹಿಡಿದು ಕಸ ತೆಗೆಯುತ್ತಾರೆ. ನನಗೆ ಬದುವಿನಿಂದ ಕೆಳಗೆ ಇಳಿಯುವ ಅಪ್ಪಣೆ ಇಲ್ಲ. ಕೆಂಪು ಫ್ಲಾಸ್ಕಿನಲ್ಲಿ ಸಕ್ಕರೆ ಹಾಕಿದ ಚಹಾ ಎಲ್ಲರಿಗೆ, ನೀಲಿ ಫ್ಲಾಸ್ಕಿನಲ್ಲಿ ಸಕ್ಕರೆ ಇಲ್ಲದ್ದು ಬದುವಿನ ಮೇಲೆ ಕುಳಿತು ನೋಡುವ ಸಕ್ಕರೆ ಕಾಯಿಲೆಯ ಅತ್ತೆಗೆ. ಆರಿಸಿ ಕೊಡುವುದಷ್ಟೇ ನನ್ನ ಕೆಲಸ. ಮೊದಲ ದಿನ ಹುರುಪಿನಿಂದ ಕಪ್ಪು ತುಂಬಿ ಅತ್ತೆಯ ಕೈಗಿಟ್ಟೆ. ಅವರು ಒಂದು ಗುಟುಕು ಕುಡಿದು, ಕಪ್ಪನ್ನು ಕೆಳಗಿಟ್ಟು, ಹೊಲದ ಕಡೆ ಕೂಗಿದರು:

“ಗಿರಿಜಾ, ಚಹಾದ ಕೆಲಸಾನೂ ನೀನ ನೋಡವಾ!”