ಯಾರ ಹೆಗಲ ಮೇಲೆ ಯಾರು

"ಆ ಮನೇಲಿ ಗಂಡ ಹೆಂಡ್ತಿ ಜಗಳ ಆಡ್ತಿದಾರೋ, ಹಾಡು ಕೇಳ್ತಿದಾರೋ ತಿಳಿಯಲ್ಲ" ಅಂತ ಅಕ್ಕಪಕ್ಕದವರು ನಮ್ಮ ಬಗ್ಗೆ ಹೇಳುತ್ತಿದ್ದರು. ಕೆಳಮನೆಯ ಟೈಲರಂತೂ, "ನಿಮ್ಮ ಡ್ರಮ್ಮು ಶುರುವಾದ್ರೆ ನನ್ನ ಮಷೀನು ತಾನಾಗೇ ಹೊಲಿಯುತ್ತೆ" ಅನ್ನುತ್ತಿದ್ದ. ನಾವು ರಾಕ್ ಸಂಗೀತದ ಭಕ್ತರು. ಗಿಟಾರು ಕಿರುಚಿದರೆ ನಮಗದು ಜೋಗುಳ.

ಅಂಥ ನಾವು ಹರೆಯದಲ್ಲಿ ಹುಚ್ಚರಂತೆ ಮೆಚ್ಚಿದ್ದ ಬ್ಯಾಂಡು ನಮ್ಮೂರ ಸ್ಟೇಡಿಯಮ್ಮಿನಲ್ಲಿ ಕಟ್ಟಕಡೆಯ ಕಾರ್ಯಕ್ರಮ ಕೊಡುತ್ತದೆಂದು ತಿಳಿದಾಗ, ನಾನು ಹೆಂಡತಿಯ ಮುಂದೆ ಎದೆಯುಬ್ಬಿಸಿ ಘೋಷಿಸಿದೆ: "ಅವತ್ತಿನ ಹಾಗೇ ನಿನ್ನನ್ನ ಹೆಗಲ ಮೇಲೆ ಹೊತ್ತು ತೋರಿಸ್ತೀನಿ."

ಅವತ್ತು ಅಂದರೆ, ಮದುವೆಗೆ ಮುಂಚೆ. ಇದೇ ಬ್ಯಾಂಡಿನ ಕಾರ್ಯಕ್ರಮಕ್ಕೆ ಕಿಕ್ಕಿರಿದ ಅದೇ ಸ್ಟೇಡಿಯಮ್ಮಿನಲ್ಲಿ ಅವಳನ್ನು ಹೆಗಲ ಮೇಲೆ ಕೂರಿಸಿಕೊಂಡು ಗಂಡುಗಲಿಯಂತೆ ನಿಂತಿದ್ದೆ. ನನ್ನ ಕನ್ನಡಕದ ಅಂಗಡಿಗೆ ಬಂದ ಗಿರಾಕಿಗಳಿಗೆಲ್ಲ ಈ ಕತೆ ಪುಕ್ಕಟೆ.

"ಮೊದಲು ಮನೇಲಿ ಎತ್ತಿ ನೋಡಿ" ಅಂದಳು. ಈಜು ಕಲಿಸುವವಳು. ಆಳ ನೋಡದೆ ನೀರಿಗಿಳಿಯುವವಳಲ್ಲ.

ಹೊರಡುವ ಸಂಜೆಯೇ ತಾಲೀಮು. ನಾನು ಕುಕ್ಕರಗಾಲಲ್ಲಿ ಕೂತೆ. ಅವಳು ಸೋಫಾ ಹತ್ತಿ ಹೆಗಲೇರಿದಳು. ಭೂಮಂಡಲವನ್ನೇ ಹೊತ್ತವನಂತೆ ಎದ್ದೆ. ಅರ್ಧ ಎದ್ದೆ, ಅಷ್ಟೆ. ಸೊಂಟ ಕಟಕ್ಕೆಂದಿತು. ಏಳಲೊಲ್ಲದು, ಕೂರಲೊಲ್ಲದು. ಅವಳ ತಲೆ ಇನ್ನೂ ಹೊತ್ತಿಸದ ತೂಗುದೀಪದ ಬುಟ್ಟಿಯೊಳಗೆ ಸಿಕ್ಕಿಕೊಂಡಿತ್ತು.

"ರೀ, ಏನೂ ಕಾಣ್ತಿಲ್ಲ."

"ನನ್ನ ಸೊಂಟ ಹೋಯ್ತು ಕಣೇ."

"ನಿಮ್ಮ ಸೊಂಟ ಹೋದ್ರೆ ನನಗ್ಯಾಕೆ ಕತ್ತಲೆ?"

"ಅವತ್ತು ನೀನು ಇಷ್ಟು ಭಾರ ಇರಲಿಲ್ಲ."

ಬುಟ್ಟಿಯೊಳಗಿಂದ ತಣ್ಣಗೆ ಮಾತು ಬಂತು. "ಅವತ್ತು ನೀವು ನನ್ನ ಎತ್ತಲೇ ಇಲ್ಲ. ನಾನೇ ನಿಮ್ಮನ್ನ ಎತ್ತಿದ್ದು."

"ಏನು ಮಾತು ಅಂತ ಆಡ್ತೀಯ? ನನಗೆಲ್ಲ ಕಣ್ಣಿಗೆ ಕಟ್ಟಿದ ಹಾಗಿದೆ. ಡ್ರಮ್ಮಿನವನ ಬೋಳು ನೆತ್ತಿ ಮೇಲೆ ಹಸಿರು ದೀಪ ಬಿದ್ದಿತ್ತು..."

"ಮುಂದೆ ಜನ ಗೋಡೆ ಹಾಗೆ ನಿಂತಿದ್ರು. ಕೆಳಗಿದ್ದೋರಿಗೆ ಅವನ ನೆತ್ತಿ ಹೇಗೆ ಕಾಣ್ತು?"

ಯೋಚಿಸಿದೆ. ಮತ್ತೊಮ್ಮೆ ಯೋಚಿಸಿದೆ. ಊರಿಗೆಲ್ಲ ಕಣ್ಣು ಸರಿಮಾಡುವ ನನಗೆ ಮೇಲ್ಯಾವುದು, ಕೆಳಗ್ಯಾವುದು ತಿಳಿಯದಾಯಿತು.

"ಹಾಗಾದ್ರೆ ನಿನಗೇನು ಕಾಣಿಸ್ತು?"

"ಮುಂದಿದ್ದೋನ ಬೆನ್ನು. ಕೆಂಪು ಅಂಗಿ, ಹೊಲಿಗೆ ಬಿಚ್ಚಿತ್ತು. ಇಡೀ ಕಾರ್ಯಕ್ರಮ ನಾನು ನೋಡಿದ್ದು ಅದೊಂದೇ."

"ಇಷ್ಟು ವರ್ಷ ಯಾಕೆ ಬಾಯಿ ಬಿಡಲಿಲ್ಲ?"

"ನಿಮ್ಮ ಕತೇಲಿ ನಾನು ಮೇಲೆ ಕೂತಿರ್ತೀನಲ್ಲ. ಅಲ್ಲಿಂದ ಚೆನ್ನಾಗಿ ಕಾಣುತ್ತೆ. ಆದ್ರೂ ರೀ, ಇವತ್ತಾದ್ರೂ ಆ ಬ್ಯಾಂಡಿನವರ ಮುಖ ನೋಡ್ಬೇಕು ಅಂತಿತ್ತು."

ಹೇಗೋ ಸೋಫಾದ ಮೇಲೆ ಜಾರಿ ಇಳಿದಳು. ನನ್ನನ್ನು ಚಾಪೆಯಂತೆ ಅಲ್ಲೇ ಹಾಸಿ, ಬಿಸಿನೀರಿನ ಚೀಲ ಇಟ್ಟಳು. ಆಮೇಲೆ ಹೊರಡಲೆಂದು ಹಾಕಿದ್ದ ತನ್ನ ಶೂ ಬಿಚ್ಚತೊಡಗಿದಳು.

"ಬಿಚ್ಚಬೇಡ. ನೀನು ಹೋಗು" ಅಂದೆ.

"ನಿಮ್ಮನ್ನ ಹೀಗೆ ಬಿಟ್ಟೇ?"

"ನಾನೆಲ್ಲಿ ಓಡಿಹೋಗ್ತೀನಿ?"

ಹೊರಟಳು. ಸೊಂಟದ ಮುಲಾಮು ಕೈಗೆ ಸಿಗುವಂತಿಡಲು ವಾಪಸು ಬಂದಳು. ಮತ್ತೆ ಹೊರಟಳು. ನೀರಿನ ಲೋಟ ಹತ್ತಿರ ಸರಿಸಲು ಮತ್ತೆ ಬಂದಳು. "ಹಾಡು ಶುರುವಾಗೋ ಹೊತ್ತಾಯ್ತು, ಹೋಗೇ ಮಾರಾಯ್ತಿ" ಎಂದು ಗದರಿದೆ. ಗದರಿದ್ದಕ್ಕೆ ಸೊಂಟ ಮತ್ತೊಮ್ಮೆ ಕಟಕ್ಕೆಂದಿತು.

"ಬಂದಮೇಲೆ ಹೇಗಿತ್ತು ಅಂತ ನನಗೂ ಹೇಳು" ಅಂದೆ, ಸೋತ ದನಿಯಲ್ಲಿ.

"ಒಂದೂ ಬಿಡದೆ ಹೇಳ್ತೀನಿ" ಅಂದಳು, ಬಾಗಿಲಲ್ಲಿ ನಿಂತು. "ನಾಳೆ ಅಂಗಡೀಲಿ ನೀವೇ ನೋಡಿದ ಹಾಗೆ ಹೇಳ್ಕೊಳ್ಳಿ."

ಆ ಸಲ ಹೋದವಳು ವಾಪಸು ಬರಲಿಲ್ಲ. ಮೆಟ್ಟಿಲಿಳಿಯುವ ಸದ್ದು ಕೇಳಿಸಿತು, ಒಂದು ಬಿಟ್ಟು ಒಂದು ಹಾರುತ್ತಿದ್ದಳು.