ಸೈತಾನನಿಗೆ ಕಾಗದ ತೋರಿಸಿದ ಕಾಕಾ

ನಮ್ಮ ಕಾಕಾನಿಗೆ ಸೈತಾನನ ಜೊತೆ ಇದ್ದಷ್ಟು ಬಳಕೆ ಜೇವರ್ಗಿಯ ಯಾವ ಮನುಷ್ಯನ ಜೊತೆಗೂ ಇರಲಿಲ್ಲ. ಹೀಗೆಂದರೆ ನೀವು ಅವನನ್ನು ಮಾಟಗಾರ ಎಂದುಕೊಳ್ಳಬಾರದು. ಭಾನುವಾರ ಗಂಟೆ ಬಾರಿಸುವ ಮೊದಲೇ ದೇವಾಲಯದ ಚಾಪೆಯ ಮೇಲೆ ಕುಳಿತಿರುತ್ತಿದ್ದ ಕ್ರೈಸ್ತ ಅವನು. ನಾವೆಲ್ಲ ಸೈತಾನನ ಹೆಸರನ್ನು ವಾರಕ್ಕೊಮ್ಮೆ ಪ್ರಸಂಗದಲ್ಲಿ ಕೇಳಿ, ಮನೆಗೆ ಬಂದು ರೊಟ್ಟಿ ತಟ್ಟುವಷ್ಟರಲ್ಲಿ ಮರೆತುಬಿಡುತ್ತಿದ್ದೆವು. ಕಾಕಾ ಮಾತ್ರ ಅವನನ್ನು ದಿನಾಲೂ ಸಂಜೆ, ಕಚೇರಿ ಬಿಟ್ಟ ಮೇಲೆ, ಸಿಂದಿ ಅಂಗಡಿಯ ಮುಂದಿನ ಬೇವಿನ ಗಿಡದ ಕೆಳಗೆ ಕಾಣುತ್ತಿದ್ದ. ಕಂಡು ಸುಮ್ಮನೆ ಬರುತ್ತಿದ್ದನೆ? ವಾದ ಹೂಡುತ್ತಿದ್ದ. ಗಟ್ಟಿಯಾಗಿ, ಕೈ ಬೀಸಿ, ನಾಲ್ಕು ಜನ ನಿಂತು ಕೇಳುವ ಹಾಗೆ!

ಕಾಕಾ ಕಚೇರಿಯಲ್ಲಿ ಜವಾನ. ನಿಜಾಮರ ಕಾಲ, ಕಾಗದಪತ್ರವೆಲ್ಲ ಉರ್ದುವಿನಲ್ಲಿ. ಅವನಿಗೆ ಉರ್ದು ಓದಲು ಬರುತ್ತಿರಲಿಲ್ಲ, ಕನ್ನಡವೂ ಬರುತ್ತಿರಲಿಲ್ಲ. ಎರಡು ಭಾಷೆಗಳ ನಡುವೆ ಅವನು ಭೇದ ಮಾಡಿದವನೇ ಅಲ್ಲ. ಆದರೆ ಇಪ್ಪತ್ತು ವರ್ಷ ಈ ಮೇಜಿನಿಂದ ಆ ಮೇಜಿಗೆ ಕಾಗದ ಹೊತ್ತು ಒಂದು ಸತ್ಯವನ್ನು ಕಂಡುಕೊಂಡಿದ್ದ: ಬಾಯಿಮಾತಿಗೆ ಬೆಲೆಯಿಲ್ಲ. ಹೊಲ ನನ್ನದು ಎಂದು ಎದೆ ಬಡಿದುಕೊಂಡರೂ "ಬರದದೇನು?" ಎಂದೇ ಕೇಳುತ್ತಾರೆ. ಬರೆದದ್ದಿದ್ದರೆ ಎದೆ ಬಡಿದುಕೊಳ್ಳುವ ಕೆಲಸವೇ ಇಲ್ಲ.

ನಾನು ಅವನ ಅಣ್ಣನ ಮಗಳು. ಬೋರ್ಡಿಂಗ್ ಶಾಲೆಯಲ್ಲಿ ಐದನೆಯ ಇಯತ್ತೆ ಮುಗಿಸಿ ಮನೆಗೆ ಬಂದಿದ್ದೆ. ನಮ್ಮ ಮನೆಗೂ ಕಾಕಾನ ಮನೆಗೂ ನಡುವೆ ಒಂದೇ ಗೋಡೆ. ಆ ಗೋಡೆಯಾಚೆಯಿಂದ ನಾನು ದಿನವೂ ಕೇಳುತ್ತಿದ್ದದ್ದು ಎರಡೇ ಮಾತು. ಕಾಕಿಯದು: "ಕುಡದಿ?" ಕಾಕಾನದು: "ಕುಡದಿಲ್ಲ." ಮೀಸೆಯ ಮೇಲೆ ಸಿಂದಿಯ ನೊರೆ ಇನ್ನೂ ಆರಿರುತ್ತಿರಲಿಲ್ಲ. ಒಮ್ಮೆ ಅಂಗಡಿಯ ಮಣ್ಣಿನ ಮಗಿಯನ್ನೇ ಕೈಯಲ್ಲಿ ಮರೆತು ತಂದಿದ್ದಾಗಲೂ ಕುಡಿದಿಲ್ಲ ಎಂದೇ ಅಂದ. ಆ ಮಗಿಯನ್ನು ಕಾಕಿ ಮೂರು ದಿನ ಒಲೆಯ ಪಕ್ಕ ದೇವರಂತೆ ಕೂಡಿಸಿದ್ದಳು, ಮಾತಾಡದೆ.

ಆ ವರ್ಷ ಕ್ರಿಸ್ಮಸ್ ಮುಗಿದ ಮೂರನೆಯ ದಿನ ಕಾಕಿ ತನ್ನ ಸೀರೆಗಳನ್ನು ಗಂಟು ಕಟ್ಟಿದಳು. ಅವಳ ತವರು ಆಳಂದದ ಕಡೆಯ ಮಟಕಿ. ಅಲ್ಲಿಂದ ಅವಳ ತಮ್ಮ ಬಂಡಿ ತಂದಿದ್ದ. ಬಂಡಿ ಹತ್ತುವ ಮೊದಲು ಅವಳು ಕಾಕಾನನ್ನು ನೋಡಲಿಲ್ಲ, ನನ್ನನ್ನು ನೋಡಿದಳು.

"ಈಸ್ಟರ್ ತನಕ ಒಂದ್ ಹನಿ ಮುಟ್ಟಲಾರದ ಇದ್ದರ ಕಾಗದ ಬರಿ ಬೇ. ಬರ್ತೇನಿ. ಮುಟ್ಟಿದ್ರ ಬರೀಬ್ಯಾಡ. ಕಾಗದ ಬರಲಿಲ್ಲಂದ್ರ ನಂಗ ತಿಳೀತದ."

ಬಂಡಿ ಹೋಯಿತು. ಕಾಕಾ ಅಂಗಳದಲ್ಲಿ ನಿಂತೇ ಇದ್ದ. ಆಮೇಲೆ ಒಳಗೆ ಹೋಗಿ ತಾನೇ ರೊಟ್ಟಿ ಮಾಡಿದ. ಅದನ್ನು ನಮ್ಮ ಎಮ್ಮೆ ಮೂಸಿ ನೋಡಿ ಮುಖ ತಿರುಗಿಸಿತು. ಅಂದಿನಿಂದ ಅವನಿಗೆ ನಾಲ್ಕು ರೊಟ್ಟಿ, ಪುಂಡಿಪಲ್ಯ ಮುಟ್ಟಿಸುವ ಕೆಲಸ ನನ್ನದಾಯಿತು.

ಮುಂದಿನ ಭಾನುವಾರ ಪಾದ್ರಿಗಳು ಅಡವಿಯಲ್ಲಿ ಸ್ವಾಮಿಯನ್ನು ಸೈತಾನ ಕಾಡಿದ ಪ್ರಸಂಗ ಹೇಳುತ್ತಿದ್ದರು. ಮೂರು ಸಲ ಕೆಣಕಿದ, ಮೂರು ಸಲವೂ ಸ್ವಾಮಿ "ಹೀಗೆಂದು ಬರೆದದೆ" ಎಂದೇ ಉತ್ತರ ಕೊಟ್ಟ ಎಂದರು. ಕಾಕಾ ಚಾಪೆಯಿಂದ ಎದ್ದು ನಿಂತ.

"ಪಾದ್ರಿ ಸಾಹೇಬ್ರ, ಏನಂದ್ರಿ? ಬರದದ ಅಂದಾನ?"

"ಹೌದಪ್ಪ."

"ಮೂರೂ ಸರತಿ? ತಾನು ದೇವರ ಮಗ ಆಗಿ, ಬಾಯಿಲೆ ಹುಕುಂ ಮಾಡಲಿಲ್ಲೇನ್ರಿ?"

"ಇಲ್ಲ. ಬರೆದದ್ದನ್ನೇ ತೋರಿಸಿದ."

"ಹಂಗಾರ ಸ್ವಾಮಿಗಿ ಕಚೇರಿ ಪದ್ಧತಿ ಗೊತ್ತದ," ಎಂದು ಹೇಳಿ ಕಾಕಾ ಕುಳಿತ. ಪಾದ್ರಿಗಳಿಗೆ ಆಮೇಲೆ ಪ್ರಸಂಗದ ಎಳೆ ಸಿಗಲೇ ಇಲ್ಲ. ಒಂದು ಕೀರ್ತನೆ ಹೆಚ್ಚಿಗೆ ಹಾಡಿಸಿ ಆರಾಧನೆ ಮುಗಿಸಿದರು.

ಅಂದು ಮಧ್ಯಾಹ್ನವೇ ಕಾಕಾ ಕಚೇರಿಯ ರದ್ದಿ ಕಾಗದದ ಒಂದು ಕಟ್ಟು, ಮಸಿಯ ದೌತಿ, ಲೇಖನಿಕೆ ತಂದು ನನ್ನ ಮುಂದಿಟ್ಟ. "ಸತ್ಯವೇದ ತಗಿ ಬೇ. ಸಿಂದಿಗೊಂದು, ಸಿಟ್ಟಿಗೊಂದು, ಸುಳ್ಳಿಗೊಂದು ವಚನ ಹುಡುಕಿ ಬರಿ." ಬರೆದೆ. ಕಾಗದದ ಒಂದು ಬದಿ ಸರಕಾರದ ಉರ್ದು, ಇನ್ನೊಂದು ಬದಿ ದೇವರ ಕನ್ನಡ. ಓದಲು ಬಾರದವನು ಯಾವುದು ಯಾವುದೆಂದು ಹೇಗೆ ತಿಳಿಯಬೇಕು? ಅದಕ್ಕೂ ಉಪಾಯವಿತ್ತು. ತಲೆಯ ರುಮಾಲಿನ ಬಲಗಡೆಯ ಮಡಿಕೆಯಲ್ಲಿ ಸಿಂದಿ, ಎಡಗಡೆ ಸಿಟ್ಟು, ಹಿಂದೆ ಸುಳ್ಳು. "ಸುಳ್ಳು ಯಾಕ ಹಿಂದ ಕಾಕಾ?" ಎಂದರೆ, "ಅದು ಹಿಂದಿಂದನ ಬರ್ತದ," ಎಂದ.

ಅಂದಿನಿಂದ ಬೇವಿನ ಗಿಡದ ಕೆಳಗಿನ ವಾದಕ್ಕೆ ಕಳೆ ಬಂತು. ಸಿಂದಿ ಅಂಗಡಿಯ ಮುಂದೆ ಬಂದೊಡನೆ ಕಾಕಾ ರುಮಾಲಿಗೆ ಕೈ ಹಾಕಿ, ಚೀಟಿ ಹಿರಿದು, ಯಾರೂ ಇಲ್ಲದ ಜಾಗಕ್ಕೆ ಹಿಡಿಯುತ್ತಿದ್ದ. "ನೋಡು, ಬರದದ. ನಿನ್ನ ಕಡಿ ಏನರ ಕಾಗದ ಅದೇನು? ಇಲ್ಲಾ? ಹಂಗಾರ ಹೊರಗ ನಿಲ್ಲು." ಹೀಗೆಂದು ದಾಪುಗಾಲು ಹಾಕಿ ಮನೆಗೆ ಬರುತ್ತಿದ್ದ. ಅಂಗಡಿಯವನಿಗೆ ಗಿರಾಕಿ ಹೋದ ಬೇಸರಕ್ಕಿಂತ ಇದನ್ನು ನೋಡುವ ಖುಷಿಯೇ ಹೆಚ್ಚಾಗಿತ್ತು. ಐದೂವರೆಗೆ ಸರಿಯಾಗಿ ಗಡಿಗೆಯ ಹಿಂದಿನಿಂದ ಎದ್ದು ಬಾಗಿಲಿಗೆ ಬರುತ್ತಿದ್ದನಂತೆ.

ಎಲ್ಲ ನೆಟ್ಟಗೆ ನಡೆದಿತ್ತು, ನನ್ನ ಕೈಯಿಂದ ಒಂದು ಎಡವಟ್ಟು ಆಗುವ ತನಕ. ರುಮಾಲು ಒಗೆಯಲು ತೆಗೆದಿದ್ದೆ. ಚೀಟಿಗಳನ್ನು ಗೋಡೆಯ ಮಾಡದಲ್ಲಿಟ್ಟು, ಒಣಗಿದ ಮೇಲೆ ತಿರುಗಿ ಮಡಿಕೆಗೆ ಸೇರಿಸಿದೆ. ಅವ್ವನಿಗೆ ಸಂತೆಯ ಸಾಮಾನು ಬರೆದುಕೊಟ್ಟಿದ್ದ ಚೀಟಿಯೂ ಅದೇ ರದ್ದಿ ಕಾಗದದ್ದು, ಅದೇ ಮಾಡದಲ್ಲಿತ್ತು. ಮುಂದಿನದನ್ನು ನೀವೇ ಊಹಿಸಬಹುದು. ಅಂದು ಸಂಜೆ ಕಾಕಾ ಬಲಗಡೆಯ ಮಡಿಕೆಯಿಂದ ಹಿರಿದು ಹಿಡಿದದ್ದು ಅದನ್ನೇ. ಅಂಗಡಿಯವ ಐನೋರ ಶಾಲೆಯಲ್ಲಿ ಕನ್ನಡ ಕಲಿತವನು. ಹತ್ತಿರ ಬಂದು ಬಗ್ಗಿ ಓದಿದ.

"ಉಪ್ಪು. ಒಣ ಮೆಣಸಿನಕಾಯಿ. ಹುಣಚಿಹಣ್ಣು." ಅವನು ಮುಖ ಎತ್ತಿದ. "ದೃಷ್ಟಿ ತಗ್ಯಾಕ ಹೊಂಟಿಯೇನೋ ಮಾರಾಯ? ಉಪ್ಪು ಮೆಣಸಿನಕಾಯಿ ನಿವಾಳ್ಸೂದು ಕಿರಿಸ್ತಾನ ಆದ ಮ್ಯಾಲ ನೀವು ಬಿಟ್ಟೀರಿ ಅಂದಿದ್ದಿ?"

ಬೇವಿನ ಗಿಡದ ಕೆಳಗೆ ನಕ್ಕ ನಗೆ ಕಚೇರಿಯವರೆಗೆ ಕೇಳಿತಂತೆ. ಕಾಕಾ ಚೀಟಿ ಮಡಿಚಿ, ಮತ್ತೆ ರುಮಾಲಿಗೆ ಸೇರಿಸಿ, ನೇರ ನಮ್ಮ ಮನೆಗೆ ಬಂದು ಕಟ್ಟೆಯ ಮೇಲೆ ಕುಳಿತ.

"ಯವ್ವಾ, ಇವತ್ತ ಸೈತಾನನ ಎದುರಿಗಿ ಹುಣಚಿಹಣ್ಣು ಹಿಡಕೊಂಡು ನಿಂತಿದ್ದೆ."

ನಾನು ಓಡಿ ಬಂದೆ. "ಮತ್ತ? ಕುಡದಿ?"

"ಇಲ್ಲ. ಅಂವಗೂ ನನ್ನಂಗ ಓದಾಕ ಬರೂದಿಲ್ಲ ಕಾಣಸ್ತದ."

ನಾನೂ ಅವ್ವನೂ ನಕ್ಕೆವು. ಕಾಕಾ ನಗಲಿಲ್ಲ.

"ನಗಬ್ಯಾಡ್ರಿ. ಇವತ್ತ ಬರೂದಿಲ್ಲ. ನಾಳಿಗಿ ಕಲತು ಬಂದ್ರ?"

ಆ ಪ್ರಶ್ನೆಗೆ ಉತ್ತರವನ್ನು ಕಾಕಾನೇ ಕಂಡುಕೊಂಡ. ರುಮಾಲಿನಲ್ಲಿದ್ದದ್ದು ಒಗೆದರೆ ಹೋಗುತ್ತದೆ. ಬಾಯಿಪಾಠ ಮಾಡಿದ್ದು ಹೋಗುವುದಿಲ್ಲ. ಮರುದಿನದಿಂದಲೇ ಪಾಠ ಶುರು. ನಾನು ಬೀಸುವ ಕಲ್ಲಿನ ಮುಂದೆ, ಅವನು ಹೊಸ್ತಿಲ ಮೇಲೆ. ಐವತ್ತರ ಹತ್ತಿರ ಬಂದ ತಲೆಗೆ ಹೊಸ ಮಾತು ಸುಲಭಕ್ಕೆ ಇಳಿಯುವುದೆ? ಒಂದು ವಚನಕ್ಕೆ ಎಂಟು ದಿನ ಹಿಡಿಯುತ್ತಿತ್ತು. ಅವನು ಕಲಿಯುವಷ್ಟರಲ್ಲಿ ನಮ್ಮ ಮನೆಯವರೆಲ್ಲ ಕಲಿತು, ಪಕ್ಕದ ಮನೆಯ ಹೆಣ್ಣುಮಕ್ಕಳೂ ನೀರು ಸೇದುತ್ತ ಹೇಳತೊಡಗಿದ್ದರು.

ಕರ್ತನ ಪ್ರಾರ್ಥನೆಯ "ಶೋಧನೆ" ಎಂಬ ಮಾತಿನ ಮೇಲೆ ನಮಗೆ ಜಗಳವೇ ಆಯಿತು. ಮನಸ್ಸು ಕೆಡಿಸುವ ಆಸೆ ಎಂದು ನಾನು ಅರ್ಥ ಹೇಳಿದೆ. ಕಾಕಾ ಒಪ್ಪಲಿಲ್ಲ.

"ಶೋಧನೆ ಅಂದ್ರ ಝಡತಿ ಬೇ. ಪೊಲೀಸರು ಮನಿ ಹೊಕ್ಕು ಹುಡುಕ್ತಾರಲ್ಲ, ಅದು."

"ಅದಲ್ಲ ಕಾಕಾ."

"ಅದೇ. ಒಳಗ ಮಾಲು ಇಟ್ಟಾವನ ಮನಿಗೇ ಝಡತಿ ಬರ್ತದ. ಸೈತಾನ ನನ್ನ ಬಾಗಿಲಿಗಿ ಸುಮ್ಮನ ಬರ್ತಾನೇನು? ಒಳಗ ಅದ ಅಂತ ಖಬರ ಇದ್ದೇ ಬರ್ತಾನ."

ನಾನು ಬೀಸುವುದನ್ನು ನಿಲ್ಲಿಸಿ ಅವನ ಮುಖ ನೋಡಿದೆ. ಪಾದ್ರಿಗಳಿಗೆ ಇದನ್ನು ಹೇಳಿದಾಗ ಅವರು ಅದನ್ನು ಬರೆದುಕೊಂಡರು.

ಜನವರಿ ಕಳೆಯಿತು, ಜೋಳದ ರಾಶಿ ಮುಗಿಯಿತು, ಬಿಸಿಲು ಏರಿತು. ಕಾಕಾ ಒಂದು ಹನಿ ಮುಟ್ಟಲಿಲ್ಲ. ಮನೆಗೆ ಕೆಮ್ಮಣ್ಣು ಬಳಿಸಿದ. ಕಾಕಿಯ ಬೀಸುವ ಕಲ್ಲಿಗೆ ಉಳಿಯಿಂದ ಟಾಕಿ ಹೊಡೆಸಿ ಹಲ್ಲು ಮೂಡಿಸಿದ. ಈಸ್ಟರಿಗೆ ನಾಲ್ಕು ದಿನ ಉಳಿದಿತ್ತು.

ಆ ಬುಧವಾರ ಸಂಜೆ ಅವನು ಬಂದು ಕಟ್ಟೆಯ ಮೇಲೆ ಕುಳಿತಾಗ ವಾಸನೆಯೇ ಮೊದಲು ಹೇಳಿತು. ನಾನು ಕೇಳಲಿಲ್ಲ. ಅವನೇ ಅಂದ:

"ಕುಡದೆ."

"ವಚನ ಹೇಳಲಿಲ್ಲೇನು ಕಾಕಾ?"

"ಹೇಳ್ದೆ ಬೇ. ಒಂದ್ ಅಕ್ಷರ ತಪ್ಪಲಾರದಂಗ ಹೇಳ್ದೆ. ಗಿಡದ ಕೆಳಗ ಕುಂತಾವ್ರು ಭೇಷ್ ಅಂದ್ರು. ಏನ್ ಛಂದ ಹೇಳಾಕತ್ತೇನಿ ಅಂತ ನಂಗೇ ಖುಷಿ ಆತು. ಖುಷಿಲೆ ಹೇಳಕೋತನ ಒಳಗ ಹೋಗಿ ಕುಂತೆ."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಮೂರು ತಿಂಗಳು ಕಾದ ದಂಡು ಒಂದು ಭೇಷ್‌ಗೆ ಕೋಟೆ ಬಿಟ್ಟುಕೊಟ್ಟಿತ್ತು. ಅವನು ಮೊಣಕಾಲಿನ ಮೇಲೆ ಕೈಯಿಟ್ಟುಕೊಂಡು ಕುಳಿತಿದ್ದ. ನಾನು ಹತ್ತಿರ ಸರಿದು ಕುಳಿತೆ. ದನಿ ತಗ್ಗಿಸಿ ಹೇಳಿದೆ:

"ಕಾಕಾ, ನಾಕು ದಿನ ಅದ ಅಷ್ಟೇ. ಮಟಕಿಗಿ ಯಾರು ಹೇಳ್ತಾರ? ಮುಟ್ಟಿಲ್ಲ ಅಂತ ಬರೀತೇನಿ. ಕಾಕಿ ಬರಲಿ. ಮುಂದ ಬಿಟ್ರಾತು."

ಕಾಕಾ ತಲೆಯೆತ್ತಿದ. ಕುಡಿದವನ ಕಣ್ಣಲ್ಲ ಅದು.

"ಗಿಡದ ಕೆಳಗಿನ ಸೈತಾನ ಇಷ್ಟು ಸಣ್ಣ ದನಿಲೆ ಎಂದೂ ಮಾತಾಡಿದ್ದಿಲ್ಲ ಬೇ," ಅಂದ. "ದೌತಿ ತಗಿ. ಕುಡದಾನ ಅಂತ ಬರಿ. ಬುಧವಾರ ಅಂತ ಬರಿ. ಎರಡು ಮಗಿ ಅಂತನೂ ಬರಿ."

ಬರೆದೆ. ಮುಗಿಸುವಾಗ, ಮುಂದೇನು ಬರೆಯಲಿ ಎಂದು ಕೇಳಿದೆ. ಅವನು ಸತ್ಯವೇದದ ಕಡೆ ಕೈ ತೋರಿಸಿದ.

"ಬಿದ್ದಾವಗ ಅದರಾಗ ಏನರ ಬರದದೇನು? ಬೀಳಲಾರದಾವ್ರಿಗೇ ಎಲ್ಲಾ ಬರದಾರೋ ಹೆಂಗ?"

ನಾನು ಸತ್ಯವೇದದ ಹಾಳೆ ತಿರುವಿದೆ. ಜ್ಞಾನೋಕ್ತಿಗಳಲ್ಲಿ ಸಿಕ್ಕಿತು. ನೀತಿವಂತ ಏಳು ಸಲ ಬಿದ್ದರೂ ಮತ್ತೆ ಏಳುತ್ತಾನೆ ಎಂಬ ಅರ್ಥದ ಮಾತು. ಓದಿ ಹೇಳಿ, ಅವನಿಗೆ ಸಮಾಧಾನವಾಗಲೆಂದು, "ಏಳು ಅಂದ್ರ ಇನ್ನ ಆರು ಉಳದಾವ ಕಾಕಾ," ಎಂದೂ ಸೇರಿಸಿದೆ. ನನ್ನ ಲೆಕ್ಕಕ್ಕೆ ಅವನು ಕೈ ಬೀಸಿದ.

"ಎಣಿಸಾಕ ಹೇಳಿಲ್ಲ ಬೇ ಅದು. ಕಿವಿಗೊಟ್ಟು ಕೇಳು. ಏಳು, ಏಳು ಅಂತದ. ಎಬ್ಬಸಾಕತ್ತದ."

ಆ ಮಾತನ್ನೇ ಕೊನೆಗೆ ಬರೆದು ಮುಗಿಸಿದ ಕಾಗದ ಮರುದಿನ ಟಪಾಲಿಗೆ ಹೋಯಿತು. ಸಂಜೆ ಕಾಕಾ ಅದೇ ದಾರಿಯಲ್ಲಿ ಬಂದ. ಬಳಸಿ ಬರಲು ಕೆರೆಯ ಕಡೆಯಿಂದ ಇನ್ನೊಂದು ದಾರಿ ಇತ್ತು, ಅವ್ವ ಹೇಳಿಯೂ ನೋಡಿದಳು. "ಕಚೇರಿ ಅಲ್ಲೇ ಅದ, ಮನಿ ಇಲ್ಲೇ ಅದ. ಎಷ್ಟ್ ದಿನ ಬಳಸಲಿ ವೈನಿ?" ಎಂದ. ಈ ಸಲ ಕೈ ಬೀಸಲಿಲ್ಲ, ಗಟ್ಟಿಯಾಗಿಯೂ ಹೇಳಲಿಲ್ಲ. ತುಟಿ ಮಾತ್ರ ಆಡಿಸುತ್ತ ಹೋಗುತ್ತಿದ್ದ. ನೋಡಲು ಏನೂ ಇಲ್ಲವೆಂದು ಗಿಡದ ಕೆಳಗಿನ ಮಂದಿ ಕರಗಿದರು. ಈಸ್ಟರ್ ಬಂತು, ಹೋಯಿತು. ಕಾಕಿ ಬರಲಿಲ್ಲ. ಕಾಕಾ ದೇವಾಲಯದಲ್ಲಿ ಎಲ್ಲರಿಗಿಂತ ಗಟ್ಟಿಯಾಗಿ ಹಾಡಿದ, ಎಲ್ಲರಿಗಿಂತ ಅಪಸ್ವರವಾಗಿ.

ಮುಂದಿನ ಗುರುವಾರ ಮಧ್ಯಾಹ್ನ ಬಂಡಿ ಬಂದು ನಿಂತಿತು. ಕಾಕಿ ಸೀರೆಯ ಗಂಟನ್ನು ಸೊಂಟಕ್ಕೇರಿಸಿಕೊಂಡು ಇಳಿದಳು. ಕಾಕಾ ಕಚೇರಿಯಲ್ಲಿದ್ದ. ನಾನು ನೀರು ಕೊಟ್ಟು, ಹೆದರುತ್ತಲೇ ಕೇಳಿದೆ:

"ಕಾಗದ ಮುಟ್ಟಿತೇನ್ ಕಾಕಿ?"

"ಮುಟ್ಟಿತು. ನಮ್ಮ ತಮ್ಮನ ಕೈಲೆ ಮೂರು ಸರತಿ ಓದಿಸಿದೆ."

"ಕುಡದಾನ ಅಂತ ಬರದಿದ್ದೆ."

"ಅದಕ್ಕೇ ಬಂದೆ." ಅವಳು ಚಂಬು ಕೆಳಗಿಟ್ಟಳು. "ಹದಿನೆಂಟು ವರ್ಷ ಆತು ಬೇ ಲಗ್ನ ಆಗಿ. ಕುಡದೇನಿ ಅಂತ ಅಂವ ನಂಗ ಹೇಳಿದ್ದು ಇದೇ ಮೊದಲು."

ಆಮೇಲೆ ನನ್ನ ಪಕ್ಕ ಕುಳಿತು, "ಈಗ ಏನೋ ಹೊಸಾದು ಕಲತಾನಂತಲ್ಲ, ನಂಗೂ ಹೇಳಿಕೊಡು," ಎಂದಳು. ಯಾಕೆ ಎಂದು ಕೇಳಿದೆ. "ಹೊಲ ಕಾಯಾಕೂ ಇಬ್ಬರು ಬೇಕು," ಎಂದಳು ಅಷ್ಟೇ.

ಸಂಜೆ ಅವಳು ಕಚೇರಿಯ ಬಾಗಿಲಿಗೇ ಹೋದಳು. ನಾನು ಸಂಗಡ ಹೋದೆ. ಅವಳನ್ನು ನೋಡಿ ಕಾಕಾ ರುಮಾಲು ಸರಿಪಡಿಸಿಕೊಂಡು ಹೊರಗೆ ಬಂದ. ಮೂವರೂ ನಡೆದೆವು, ನಾನು ನಾಲ್ಕು ಹೆಜ್ಜೆ ಹಿಂದೆ. ಬೇವಿನ ಗಿಡ ಬಂತು. ಕಾಕಾ ಮೆಲ್ಲನೆ ಮೊದಲರ್ಧ ಹೇಳಿದ: "ಏಳು ಸರತಿ ಬಿದ್ರೂ..."

ಉಳಿದರ್ಧ ತಾನು ಹೇಳುತ್ತೇನೆಂದು ಕಾಕಿ ದಾರಿಯಲ್ಲೇ ಅವನಿಗೆ ಹೇಳಿದ್ದಳು. ಮಧ್ಯಾಹ್ನ ಕಲಿತದ್ದು ಅವಳ ನಾಲಿಗೆಗೆ ಬರಲಿಲ್ಲ. ನಿಂತುಬಿಟ್ಟಳು. ಸೆರಗಿನ ತುದಿ ಹಿಡಿದು ಹೊಸೆಯುತ್ತ, ನೆಲ ನೋಡುತ್ತ ನೆನೆಸತೊಡಗಿದಳು. ಕಾಕಾನೂ ನಿಂತ. ಹೇಳಿಕೊಡಲಿಲ್ಲ, ಅವಸರ ಮಾಡಲಿಲ್ಲ. ಅಂಗಡಿಯ ಬಾಗಿಲು ತೆರೆದಿತ್ತು, ಗಡಿಗೆ ತುಂಬಿತ್ತು, ವಾಸನೆ ನನ್ನ ಮೂಗಿಗೂ ಬರುತ್ತಿತ್ತು. ಆ ಬಾಗಿಲ ಮುಂದೆ ಅಷ್ಟು ಹೊತ್ತು ಅವನು ಒಳಗೆ ಹೋಗದೆ ನಿಂತದ್ದನ್ನು ನಾನು ಎಂದೂ ನೋಡಿರಲಿಲ್ಲ. ಅವನ ಕಣ್ಣು ಕಾಕಿಯ ತುಟಿಗಳ ಮೇಲಿತ್ತು, ಅವು ಈಗ ಆಡಿಯಾವು, ಇನ್ನೊಂದು ಗಳಿಗೆಗೆ ಆಡಿಯಾವು ಎಂದು.