ಕಾಲ್ಗುಣದ ಹಾಜರಿ ಪುಸ್ತಕ

ಮಗ್ಗೆಯ ಎಸ್ಟೇಟಿನಲ್ಲಿ ಆಳುಗಳ ಲೆಕ್ಕ ಬರೆಯುವ ರೈಟರ್ ಮೃತ್ಯುಂಜಯನಿಗೆ ಹೆಂಡತಿಯ ಮೇಲೆ ಇಪ್ಪತ್ತೆರಡು ವರ್ಷಗಳಿಂದ ಒಂದೇ ತಕರಾರು. ಟೀವಿಯಲ್ಲಿ ಕ್ರಿಕೆಟ್ ನಡೆಯುತ್ತಿರುವಾಗ ಶೀಲಾ ಸೌಟು ಹಿಡಿದು ಹಜಾರಕ್ಕೆ ಕಾಲಿಟ್ಟರೆ ಸಾಕು, ನಮ್ಮ ತಂಡದ ವಿಕೆಟ್ ಬೀಳುತ್ತಿತ್ತು. (ಬೀಳಿಸುತ್ತಿದ್ದುದು ಕಾಲೋ ಸೌಟೋ ಎಂಬುದು ಇನ್ನೂ ಇತ್ಯರ್ಥವಾಗಿರಲಿಲ್ಲ.) ಆಕ್ಷೇಪಿಸಿದರೆ, "ಹಂಗಾರೆ ಬೌಲರ್‌ಗೆ ಯಾಕ್ರೀ ಸಂಬಳ? ನಂಗೇ ಕೊಡ್ಲಿ" ಅನ್ನುವಳು. ಪುರಾವೆ ಬೇಕಿತ್ತು.

ಕಾಳುಮೆಣಸು ಒಣಹಾಕಿದ ಕಣದಲ್ಲಿ ಆಳುಗಳ ಹಾಜರಿ ಕೂಗುತ್ತಿದ್ದಾಗ, ಸಿಲ್ವರ್ ಓಕ್ ಮರದ ಕೆಳಗೆ ಅವನಿಗೆ ಜ್ಞಾನೋದಯವಾಯಿತು. ಅಭಿಮಾನಿಗಳಿಗೊಂದು ಆ್ಯಪ್. ಹೆಸರು 'ಕಾಲ್ಗುಣ'. ವಿಕೆಟ್ ಬಿದ್ದಾಗ ಯಾರು ಎಲ್ಲಿ ಕೂತಿದ್ದರು, ಸಿಕ್ಸರ್ ಹೋದಾಗ ಯಾರು ಒಳಗೆ ಬಂದರು, ಎಲ್ಲ ದಾಖಲಾಗಬೇಕು. ಕೊನೆಗೆ ಮನೆಮನೆಯ ಅಪಶಕುನವೂ ಹೆಸರು ಸಮೇತ ಹೊರಬೀಳಬೇಕು. ದೇಶ ಕಾದು ಕೂತಿದೆ ಎಂದು ಅವನಿಗೆ ಅನುಮಾನವೇ ಇರಲಿಲ್ಲ.

ಹಾಸನದಲ್ಲಿ ಬಿಸಿಎ ಓದುವ ಮಗಳು ನಯನಾ ಎಲ್ಲ ಕೇಳಿ ಆಕಳಿಸಿದಳು. "ಆ್ಯಪ್ ಆಮೇಲೆ ಅಪ್ಪ. ಮೊದ್ಲು ನಾಲ್ಕು ಜನರ ಹತ್ರ ಪುಸ್ತಕದಲ್ಲಿ ಬರ್ಕೊಂಡು ನೋಡು. ಯಾರಿಗಾದ್ರೂ ಬೇಕಾ ಅಂತ ಗೊತ್ತಾಗ್ಲಿ."

ಪುಸ್ತಕವೆಂದರೆ ಮೃತ್ಯುಂಜಯನ ಕೈಯಲ್ಲಿ ಬ್ರಹ್ಮಾಸ್ತ್ರ. ಎಸ್ಟೇಟಿನ ಹಳೆಯ ಹಾಜರಿ ಪುಸ್ತಕಗಳು ಹಜಾರಕ್ಕೆ ಬಂದವು. ಪಕ್ಕದ ಮನೆಯ ನಿವೃತ್ತ ಡ್ರಿಲ್ ಮೇಷ್ಟ್ರು ಗುಂಡಯ್ಯನವರೂ ಬೇಕರಿ ದಯಾನಂದನೂ ಪ್ರಯೋಗಕ್ಕೆ ಸೇರಿ, ಪ್ರತಿ ಪಂದ್ಯಕ್ಕೂ ಇಲ್ಲಿಗೇ ಬಂದು ಕೂತರು. ವಿಕೆಟ್ ಬಿದ್ದ ಕ್ಷಣ ಎಲ್ಲರೂ ಇದ್ದಲ್ಲೇ ಕಲ್ಲಾಗಬೇಕು. ಮೃತ್ಯುಂಜಯ ಹೆಸರು ಕೂಗಬೇಕು. ತೂಕಡಿಸುತ್ತಿದ್ದ ತಾಯಿ ಈರಮ್ಮನನ್ನೂ ಎಬ್ಬಿಸಿ ಹಾಜರ್ ಹೇಳಿಸಲಾಗುತ್ತಿತ್ತು. ಬಚ್ಚಲಿಗೆ ಹೋಗಿ ಬಂದರೆ ಕಾರಣ ಬರೆಸಬೇಕು.

ಎರಡನೇ ವಾರಕ್ಕೆ ಮನೆಯೇ ಬಸವಳಿಯಿತು. ಬರೆಯುವ ಭರದಲ್ಲಿ ಮೃತ್ಯುಂಜಯನಿಗೆ ಒಂದು ಸಿಕ್ಸರೂ ಕಣ್ಣಿಗೆ ಬೀಳಲಿಲ್ಲ. "ಎಸ್ಟೇಟಲ್ಲಿ ಭಾನ್ವಾರ ರಜಾನಾರ ಐತೆ. ನನ್ನ ಹೆಸ್ರು ಹೊಡ್ದಾಕ್ಲಾ ಮಗ" ಎಂದು ಈರಮ್ಮ ಕೈಮುಗಿದಳು. ಹೊಡೆದುಹಾಕಲಿಲ್ಲ. ಶೀಲಾಳ ಕಾಲು ಸಾಬೀತಾಗುವವರೆಗೆ ಯಾರಿಗೂ ಬಿಡುಗಡೆಯಿಲ್ಲ.

ಹತ್ತು ಪಂದ್ಯಗಳಾದವು. ಹನ್ನೊಂದನೆಯದು ಭಾನುವಾರ ಮಧ್ಯಾಹ್ನ; ಗೆದ್ದರೆ ಮುಂದಿನ ಸುತ್ತು, ಸೋತರೆ ಮನೆ. ಅದನ್ನಾದರೂ ಪುಸ್ತಕವಿಲ್ಲದೆ, ಕಣ್ತುಂಬ ನೋಡಬೇಕೆಂದು ಮೃತ್ಯುಂಜಯ ಆಸೆಪಟ್ಟಿದ್ದ. ಅವತ್ತು ಬೆಳಿಗ್ಗೆಯೇ ತೀರ್ಪು. ಅವನು ಇಸ್ತ್ರಿ ಅಂಗಿ ತೊಟ್ಟು ಕೂತ. ಶೀಲಾ ಸೌಟಿನ ಸಮೇತ ಬಾಗಿಲಲ್ಲಿ ನಿಂತಳು.

ನಯನಾ ಲೆಕ್ಕ ಒಪ್ಪಿಸಿದಳು: ಅಮ್ಮ ಬಂದರೂ ಅಷ್ಟೇ, ಬಾರದಿದ್ದರೂ ಅಷ್ಟೇ. ಕಾಲು ನಿರ್ದೋಷಿ.

ಮೃತ್ಯುಂಜಯ ಮೇಲ್ಮನವಿಗೆ ಬಾಯಿ ತೆರೆಯುವಷ್ಟರಲ್ಲಿ ಗುಂಡಯ್ಯನವರು ಪುಸ್ತಕ ತಿರುವಿ ಕನ್ನಡಕ ಏರಿಸಿದರು. "ಇದ್ರಲ್ಲಿ ನಿನ್ನ ಹೆಸ್ರೇ ಇಲ್ವಲ್ಲೋ ಮಾರಾಯ."

"ಹಾಜರಿ ಕೂಗೋ ರೈಟರ್ ಹೆಸ್ರನ್ನ ಹಾಜರೀಲಿ ಯಾರಾದ್ರೂ ಬರೀತಾರಾ ಮೇಷ್ಟ್ರೇ?"

ಇಪ್ಪತ್ತು ವರ್ಷಗಳ ಶಿಸ್ತು ಅದು. ಆದರೆ ಮೇಷ್ಟ್ರ ಬೆರಳು ಪುಟಗಳ ಮೇಲೆ ನಡೆಯುತ್ತಲೇ ಇತ್ತು. ಸೋತ ಏಳು ಪಂದ್ಯಗಳಲ್ಲೂ ಮುತ್ತು ಪೋಣಿಸಿದ ರೈಟರ್ ಅಕ್ಷರ. ಗೆದ್ದ ಮೂರರಲ್ಲಿ ಮಾತ್ರ ಕೋಳಿ ಕೆದಕಿದಂಥ ಬರಹ.

"ಇದ್ಯಾರ ಅಕ್ಷರ?"

"ನಂದು. ಆ ಮೂರು ದಿನ ಇವ್ರು ಸ್ಟೋರ್‌ನಲ್ಲಿ ಮೆಣಸು ಚೀಲ ತುಂಬಿಸ್ತಿದ್ರು" ಎಂದಳು ಶೀಲಾ. ಸೌಟು ಒಮ್ಮೆ ಗಾಳಿಯಲ್ಲಿ ಆಡಿತು.

ಎಲ್ಲರೂ ರೈಟರನತ್ತ ತಿರುಗಿದರು. ಮೃತ್ಯುಂಜಯ ಗಂಟಲು ಸರಿಮಾಡಿಕೊಂಡು, ಕಾಲ್ಗುಣ ಎಂಬುದು ಶುದ್ಧ ಮೂಢನಂಬಿಕೆಯೆಂದೂ, ವಿಜ್ಞಾನಯುಗದಲ್ಲಿ ಇಂಥ ಆ್ಯಪ್ ನಾಚಿಕೆಗೇಡೆಂದೂ, ಈ ಕ್ಷಣದಿಂದಲೇ ಅದನ್ನು ಕೈಬಿಟ್ಟಿರುವುದಾಗಿಯೂ ಘೋಷಿಸಿದ.

"ನೀವು ಬುಡಿ ಸಾರ್" ಎಂದ ದಯಾನಂದ, ಬಹಳ ಮರ್ಯಾದೆಯಿಂದ. "ನಾವು ಹೆಂಗೆ ಬುಡೋದು? ಇವತ್ತು ಮ್ಯಾಚ್ ಐತೆ."

ಅರ್ಧ ಗಂಟೆಯಲ್ಲಿ ಶೀಲಾ, ಎಂದೂ ಇಲ್ಲದ ಅಕ್ಕರೆಯಿಂದ, ರೊಟ್ಟಿ ಎಣ್ಣೆಗಾಯಿಯ ಡಬ್ಬಿ ಕೈಗಿಟ್ಟಳು. ಬಿಸಿಲೆಯಲ್ಲಿರುವ ತನ್ನ ತಮ್ಮ ಹುಚ್ಚಣ್ಣನಿಗೆ ತಲುಪಿಸಬೇಕಂತೆ. ಮೃತ್ಯುಂಜಯ ಒಂದೇ ಮಾತಿಗೆ ಒಪ್ಪಿದ. (ಹುಚ್ಚಣ್ಣನ ಮನೆಯ ಟೀವಿ ಇವರದಕ್ಕಿಂತ ಒಂದು ಮೊಳ ದೊಡ್ಡದು.) ದಯಾನಂದ ಸ್ಕೂಟರಿನಲ್ಲಿ ಬಿಟ್ಟು, ಬಸ್ಸು ತಿರುವು ದಾಟುವವರೆಗೆ ಕಾವಲು ನಿಂತಿದ್ದ.

ಬಿಸಿಲೆಯಲ್ಲಿ ಟಾಸ್ ಆಗುತ್ತಿತ್ತು. ಮೃತ್ಯುಂಜಯ ಟೀವಿಯೆದುರು ಕಾಲು ಚಾಚಿದ. ಹುಚ್ಚಣ್ಣ ಡಬ್ಬಿ ತೆರೆದ. ರೊಟ್ಟಿಯ ಕೆಳಗೆ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಒಂದು ಹಾಳೆ. ಎರಡು ಸಲ ಓದಿದ. ಆಮೇಲೆ ಭಾವನನ್ನು ಮೆಲ್ಲಗೆ ಎಬ್ಬಿಸಿ, ಕುರ್ಚಿ ಸಮೇತ ಜಗುಲಿಗೆ ಸಾಗಿಸಿ, ಕಾಡಿಗೆ ಮುಖಮಾಡಿ ಕೂರಿಸಿದ.

"ಬೇಜಾರು ಮಾಡ್ಕಬ್ಯಾಡಿ ಭಾವ. ಇಲ್ಲಿ ಗಾಳಿ ಚೆನ್ನಾಗೈತೆ."

ಒಳಗೆ ಕೇಕೆ ಎದ್ದಿತು. ಮೃತ್ಯುಂಜಯ ಕಿಟಕಿಗೆ ಕತ್ತು ಚಾಚಿದ. ಚಾಚಿದ್ದೇ ತಡ, ನಮ್ಮ ವಿಕೆಟ್ ಬಿತ್ತು. ಹುಚ್ಚಣ್ಣ ಕಿಟಕಿ ಮುಚ್ಚಿದ. ಆಮೇಲೆ ಮೃತ್ಯುಂಜಯ ಕಾಡನ್ನೇ ನೋಡಿದ, ನಾಲ್ಕು ಗಂಟೆ ಹೊತ್ತು.

ನಮ್ಮ ತಂಡ ಗೆದ್ದಿತು.

ಕುಣಿದು ಬೆವೆತಿದ್ದ ಹುಚ್ಚಣ್ಣ ಆ ಹಾಳೆಯನ್ನೂ ಪೆನ್ನನ್ನೂ ತಂದು ಮುಂದೆ ಹಿಡಿದ. ಹಾಜರಿ ಪುಸ್ತಕದಿಂದ ಹರಿದ ಪುಟ; ಮೇಲೆ, ಭಾವನನ್ನು ಟೀವಿಯೆದುರು ಕೂರಿಸಬೇಡವೆಂಬ ಸೂಚನೆ. ಕೆಳಗೆ, ಅದೇ ಕೋಳಿ ಕೆದಕಿದ ಅಕ್ಷರದಲ್ಲಿ, ಇಪ್ಪತ್ತು ವರ್ಷಗಳಲ್ಲಿ ಮೊದಲ ಬಾರಿಗೆ, ರೈಟರನ ಹೆಸರಿತ್ತು. ಎದುರಿಗೆ: ಗೈರು.

"ಸೈನ್ ಹಾಕ್ಬೇಕಂತೆ ಭಾವ. ಮುಂದಿನ್ ಮ್ಯಾಚಿಗೆ ಯಾವ ಬಸ್ಸಿಗೆ ಬತ್ತೀರಿ ಅಂತ ಅಕ್ಕ ಕೇಳವ್ಳೆ."

ಮೃತ್ಯುಂಜಯ ಹಾಳೆಯನ್ನು ನೋಡಿದ. ತಾರೀಖು ಹಾಕಿರಲಿಲ್ಲ. ನಿಟ್ಟುಸಿರಿಟ್ಟು, ಮುತ್ತಿನಂಥ ಅಕ್ಷರದಲ್ಲಿ ತಾರೀಖು ತುಂಬಿ, ಸಹಿ ಹಾಕಿ, "ಹತ್ತೂವರೆ ಬಸ್ಸು" ಎಂದ.